ಪಾವಗಡನಿಗೆ ಕೊಡಬೇಕಿದ್ದ ಐದು ಸಾವಿರ

‘ಅಂತರಸನಹಳ್ಳಿ ಬ್ರಿಡ್ಜ್ ಯಾರ್ರೀ, ಬೇಗ ಇಳೀರಿ’ ಎಂದು ಕಂಡಕ್ಟರ್ ಕೂಗಿದಾಗ ಬೆಳಗಿನ ಜಾವ ಐದು ಗಂಟೆ. ಬ್ಯಾಗ್ ಎತ್ತಿಕೊಂಡು ದಡಬಡಿಸಿ ಇಳಿದೆ. ದಾವಣಗೆರೆಯಿಂದ ಇಲ್ಲಿಗೆ ಸುಮಾರು 190 ಕಿ.ಮೀ. ದಾರಿಯುದ್ದಕ್ಕೂ ಕಣ್ಣು ಮುಚ್ಚಿರಲಿಲ್ಲ. ಜೇಬಿನಲ್ಲಿ ಐನೂರರ ಹತ್ತು ನೋಟುಗಳಿದ್ದವು. ಅವನ್ನು ಕೊಡಬೇಕಾದವನ ಎದುರು ಯಾವ ಮುಖ ಇಟ್ಟುಕೊಂಡು ನಿಲ್ಲಲಿ ಎಂಬುದೇ ಚಿಂತೆ.

ಎಸ್ಸೆಸ್ಸೆಲ್ಸಿ ಮುಗಿಸಿ ತುಮಕೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿದ ಮೂರು ವರ್ಷವೂ ಅಂತರಸನಹಳ್ಳಿಯೇ ನನ್ನ ಊರಾಗಿತ್ತು. ಸಿಟಿಯೊಳಗೆ ಬಾಡಿಗೆ ಜಾಸ್ತಿ ಎಂದು ಇಲ್ಲೊಂದು ಶೀಟಿನ ಮನೆಯ ರೂಮು ಹಿಡಿದಿದ್ದೆವು. ಮೂವರಿದ್ದೆವು. ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುವುದು. ನಾನು ‘ಹೊಸದುರ್ಗ’, ಇನ್ನಿಬ್ಬರು ‘ಮಧುಗಿರಿ’ ಮತ್ತು ‘ಪಾವಗಡ’.

ಮೂವರಲ್ಲಿ ಜಾಣ ಪಾವಗಡ. ನನಗೆ ಗಣಿತ ಹೇಳಿಕೊಟ್ಟು ಪಾಸು ಮಾಡಿಸಿದವನೇ ಅವನು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ನಾವಿಬ್ಬರೂ ಬರೆದೆವು. ನನಗಿಂತ ಅವನ ರ್‍ಯಾಂಕ್ ಎಷ್ಟೋ ಚೆನ್ನಾಗಿತ್ತು. ಸೈಬರ್ ಸೆಂಟರ್‌ನಲ್ಲಿ ಪಕ್ಕದಲ್ಲೇ ಕೂತು ನನ್ನ ಆಪ್ಷನ್ ಎಂಟ್ರಿ ಮಾಡಿಸಿದ. ತನ್ನದನ್ನು ಮಾತ್ರ ತೆರೆಯಲೇ ಇಲ್ಲ. ಊರಲ್ಲಿ ಅವರಪ್ಪ ಕೊರೆಸಿದ ಬೋರ್‌ವೆಲ್‌ನಲ್ಲಿ ನೀರು ಬಂದಿರಲಿಲ್ಲ, ಸಾಲ ಹಾಗೇ ನಿಂತಿತ್ತು. ರೂಮು ಬಿಟ್ಟ ದಿನ ಓನರ್ ಆಂಟಿ ಅಡ್ವಾನ್ಸ್ ವಾಪಸ್ ಕೊಟ್ಟಾಗ ತನ್ನ ಪಾಲಿನ ಐದು ಸಾವಿರವನ್ನೂ ನನ್ನ ಕೈಗೇ ತುರುಕಿದ. ‘ಫೀಸಿಗೆ ಇಟ್ಕೋ, ಆಮೇಲೆ ಕೊಡುವಿಯಂತೆ’ ಎಂದ.

ಆ ‘ಆಮೇಲೆ’ ಒಂದು ವರ್ಷ ದಾಟಿತು. ಅವನು ಒಮ್ಮೆಯೂ ಕೇಳಲಿಲ್ಲ. ದುಡ್ಡು ಕೇಳಿಬಿಟ್ಟಾನು ಎಂದು ನಾನೇ ಫೋನ್ ಮಾಡುವುದನ್ನು ಕಡಿಮೆ ಮಾಡಿದೆ, ಆಮೇಲೆ ನಿಲ್ಲಿಸಿಯೂಬಿಟ್ಟೆ. ಕಳೆದ ತಿಂಗಳು ಸ್ಕಾಲರ್‌ಶಿಪ್ ಬಂದ ಮೇಲೆಯೇ ಧೈರ್ಯ ಬಂದಿದ್ದು. ‘ಶನಿವಾರ ಬರ್ತೀನಿ’ ಎಂದು ಮೆಸೇಜ್ ಹಾಕಿದೆ. ‘ಫಸ್ಟ್ ಶಿಫ್ಟ್. ಎರಡು ಗಂಟೆಗೆ ಬಿಡ್ತಾರೆ. ಬಾ’ ಎಂದು ಉತ್ತರ ಬಂತು.

ಎರಡು ಗಂಟೆಯವರೆಗೆ ಕಾಲ ಕಳೆಯಬೇಕಿತ್ತಲ್ಲ, ಮೊದಲು ತರಕಾರಿ ಮಾರುಕಟ್ಟೆಗೆ ಹೋದೆ. ಲಾರಿ, ಲಗೇಜ್ ಆಟೊ, ಕೊತ್ತಂಬರಿ ವಾಸನೆ, ಹರಾಜಿನ ಕೂಗು ಎಲ್ಲವೂ ಹಾಗೇ ಇದೆ. ವ್ಯಾಪಾರ ಮುಗಿಯುವ ಹೊತ್ತಿಗೆ ಉಳಿದ ಟೊಮೆಟೊ, ಬದನೆಕಾಯಿಯನ್ನು ಚೌಕಾಸಿ ಮಾಡಿ ತಂದು ಮೂವರೂ ವಾರವಿಡೀ ಸಾರು ಮಾಡುತ್ತಿದ್ದೆವು. ಆಮೇಲೆ ಸಿಟಿ ಬಸ್ಸು ಹತ್ತಿ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದೆ. ದಾವಣಗೆರೆಯ ಬೆಣ್ಣೆದೋಸೆಗೆ ನಾಲಿಗೆ ಒಗ್ಗಿದೆ ನಿಜ, ಆದರೂ ತಟ್ಟೆ ಇಡ್ಲಿಯ ರುಚಿ ಮರೆತಿರಲಿಲ್ಲ. ಅಲ್ಲಿಂದ ಸಿದ್ಧಗಂಗೆ ಬೆಟ್ಟ ಹತ್ತಿದೆ. ತಿಂಗಳ ಕೊನೆಗೆ ಕೈ ಖಾಲಿಯಾದಾಗ ನಮ್ಮ ಹೊಟ್ಟೆ ತುಂಬಿಸಿದ್ದು ಸಿದ್ಧಗಂಗಾ ಮಠದ ದಾಸೋಹ. ‘ಕೆಲಸ ಸಿಕ್ಕ ಮೇಲೆ ಒಂದು ಮೂಟೆ ಅಕ್ಕಿ ತಂದು ಕೊಡೋಣ ಕಣ್ರೋ’ ಎಂದು ಪಾವಗಡ ಹೇಳುತ್ತಿದ್ದ. ಎಲ್ಲಿಗೆ ಹೋದರೂ ಅವನದೇ ಮಾತು ನೆನಪಾಗುತ್ತಿತ್ತು.

ವಾಪಸ್ ಬಂದು ಹಳೇ ರೂಮಿನ ಮುಂದೆ ನಿಂತರೆ ಓನರ್ ಆಂಟಿ ಗುರುತು ಹಿಡಿದರು. ‘ಏನಪ್ಪಾ, ಇಂಜಿನಿಯರ್ ಆಗ್ಬಿಟ್ಯಾ?’ ಎಂದು ಕಾಫಿ ಕೊಟ್ಟರು. ‘ನಿನ್ನ ಫ್ರೆಂಡು ಹಬ್ಬಕ್ಕೆ ಬಂದು ಮಾತಾಡಿಸ್ಕೊಂಡು ಹೋಗ್ತಾನೆ. ನೀನೇ ಬರ್ಲಿಲ್ಲ’ ಅಂದರು. ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಎರಡು ಗಂಟೆಗೆ ಕೈಗಾರಿಕಾ ಪ್ರದೇಶದ ಗೇಟಿನ ಬಳಿ ನಿಂತಿದ್ದೆ. ನೀಲಿ ಸಮವಸ್ತ್ರ, ಕೈಯಲ್ಲಿ ಟಿಫಿನ್ ಬಾಕ್ಸ್. ಸ್ವಲ್ಪ ಸಣ್ಣಗಾಗಿದ್ದ. ‘ಏನ್ಲಾ ಹೊಸದುರ್ಗ, ದಪ್ಪ ಆಗಿದೀಯಲ್ಲೋ’ ಎಂದು ಬೆನ್ನಿಗೆ ಗುದ್ದಿದ. ಟೀ ಅಂಗಡಿಯಲ್ಲಿ ಕೂತ ತಕ್ಷಣ ದುಡ್ಡು ತೆಗೆದು ಮುಂದೆ ಹಿಡಿದೆ. ‘ಇರ್ಲಿ ಬಿಡೋ’ ಅನ್ನುತ್ತಾನೆ ಅಂದುಕೊಂಡಿದ್ದೆ. ಅನ್ನಲಿಲ್ಲ. ಎಣಿಸಿ, ಮಡಚಿ ಜೇಬಿಗಿಟ್ಟುಕೊಂಡು, ‘ಈ ತಿಂಗಳು ಬೇಕಿತ್ತು ಕಣೋ’ ಎಂದ. ಬೇಕಿದ್ದ ತಿಂಗಳು ಹಿಂದೆ ಎಷ್ಟು ಬಂದು ಹೋಗಿದ್ದವೋ! ‘ಯಾಕೋ ಕೇಳ್ಲಿಲ್ಲ?’ ಅಂದೆ. ‘ಕೇಳಿದ್ರೆ ನೀನು ಫೋನ್ ಎತ್ತೋದು ಬಿಡ್ತಿದ್ದೆ’ ಎಂದು ನಕ್ಕ. ನನಗೆ ನಗಲಾಗಲಿಲ್ಲ. ಕೇಳದಿದ್ದರೂ ನಾನು ಮಾಡಿದ್ದು ಅದನ್ನೇ ಅಲ್ಲವೇ?

ಮಾತು ಬದಲಿಸಲು ಮೊಬೈಲಿನಲ್ಲಿದ್ದ ನಮ್ಮ ಮಿನಿ ಪ್ರಾಜೆಕ್ಟಿನ ಡ್ರಾಯಿಂಗ್ ತೋರಿಸಿದೆ. ತೆಂಗಿನಕಾಯಿ ಸುಲಿಯುವ ಯಂತ್ರ. ಪಾವಗಡ ಈಗ ಸಿಎನ್‌ಸಿ ಆಪರೇಟರ್. ಶಾಫ್ಟಿನ ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದ.

‘ಬೇರಿಂಗ್ ಯಾವುದು?’

‘6205.’

‘ಹಂಗಾದ್ರೆ ಇದು ಕೂರಲ್ಲ. ಬೇರಿಂಗಿನ ಮೂಲೆಯ ದುಂಡು 1 ಮಿ.ಮೀ. ಶಾಫ್ಟಿನ ಮೂಲೆಗೆ ನೀನು 2 ಕೊಟ್ಟಿದೀಯ. ಮೂಲೇಲೇ ತಡೆದು ನಿಲ್ಲುತ್ತೆ, ಒಳಗೆ ಪೂರ್ತಿ ಹೋಗಿ ಕೂರಲ್ಲ. ಆಮೇಲೆ, ಎಲ್ಲಾ ಅಳತೆಗೂ 0.01 ಟಾಲರೆನ್ಸ್ ಹಾಕಿದೀಯಲ್ಲ, ಗ್ರೈಂಡಿಂಗ್ ಖರ್ಚು ನಿಮ್ಮಪ್ಪ ಕೊಡ್ತಾರಾ? ಬೇರಿಂಗ್ ಕೂರೋ ಜಾಗಕ್ಕೆ ಮಾತ್ರ ಬಿಗಿ ಕೊಡು ಸಾಕು.’

ನಾಲ್ವರು ಬಿಇ ಹುಡುಗರು ಎರಡು ವಾರ ಕೂತು ಬರೆದ ಡ್ರಾಯಿಂಗ್ ಅದು. ಒಂದು ಟೀ ಮುಗಿಯುವಷ್ಟರಲ್ಲಿ ತಪ್ಪು ಹಿಡಿದಿದ್ದ. ಹಿಂದೆ ಗಣಿತ ಹೇಳಿಕೊಡುತ್ತಿದ್ದ ಅದೇ ದನಿ, ಅದೇ ಬೈಗುಳ. ಅವನ ಓದು ನಿಂತುಹೋಯಿತು, ನಾನು ಮುಂದೆ ಹೋಗಿಬಿಟ್ಟೆ ಎಂದು ಒಂದು ವರ್ಷ ಮನಸ್ಸಿನಲ್ಲೇ ಕೊರಗುತ್ತಿದ್ದೆ. ಆ ಕೊರಗಿನೊಳಗೆ ಸಣ್ಣದೊಂದು ಜಂಬವೂ ಸೇರಿಕೊಂಡಿತ್ತು ಎಂಬುದು ಅಲ್ಲಿ ಅರ್ಥವಾಯಿತು.

ಹಾಗೆಂದು ಅವನಿಗೆ ಬೇಸರವೇ ಇಲ್ಲ ಎಂದಲ್ಲ. ಬಸ್ಸಿಗೆ ಕಾಯುವಾಗ ಮೆಲ್ಲಗೆ ಕೇಳಿದ, ‘ಡಿಸಿಇಟಿನಲ್ಲಿ ಈವ್ನಿಂಗ್ ಕಾಲೇಜಿಗೂ ಸೀಟಿರುತ್ತಲ್ಲ, ಕೆಲಸ ಮಾಡ್ಕೊಂಡೇ ಓದಬಹುದು ಅಲ್ವಾ?’ ಇರುತ್ತೆ ಎಂದೆ. ‘ಸಾಲ ಇನ್ನೊಂದು ವರ್ಷ ಇದೆ. ನೋಡೋಣ’ ಅಂದ. ಈ ಸಲ ಆಪ್ಷನ್ ಎಂಟ್ರಿಗೆ ಪಕ್ಕದಲ್ಲಿ ನಾನು ಕೂರುತ್ತೇನೆ ಎಂದು ಹೇಳಿ ಬಂದಿದ್ದೇನೆ. ಮಧುಗಿರಿ ಈಗ ಪೀಣ್ಯದಲ್ಲಿದ್ದಾನೆ. ಅವನನ್ನೂ ಸೇರಿಸಿಕೊಂಡು ಭಾನುವಾರ ರಾತ್ರಿ ಮೂವರೂ ಫೋನಿನಲ್ಲಿ ಮಾತಾಡುತ್ತೇವೆ.

ಸೋಮವಾರ ತಿದ್ದಿದ ಡ್ರಾಯಿಂಗ್ ತೋರಿಸಿದಾಗ ನಮ್ಮ ಗೈಡ್ ಹುಬ್ಬೇರಿಸಿದರು. ‘ಈಗ ಸರಿಯಾಯ್ತು. ಯಾರು ಹೇಳ್ಕೊಟ್ಟಿದ್ದು?’

‘ನನ್ನ ಫ್ರೆಂಡ್, ಸರ್.’

‘ಯಾವ ಕಾಲೇಜು?’

‘ಅಂತರಸನಹಳ್ಳಿ, ಸರ್’ ಎಂದೆ.