ಸಂಕ ಕಟ್ಟಿದರೆ ಮುಗಿಯಿತೇ?

ಅಜೆಕಾರು: ಮಳೆ ಹಿಡಿಯಿತೆಂದರೆ ಘಟ್ಟದ ಬುಡದ ಈ ಸೀಮೆಯಲ್ಲಿ ಕಾಲುಸಂಕದ ಮಾತು ಏಳುತ್ತದೆ. ಎರಡು ಅಡಿಕೆ ಮರ, ಹಿಡಿಯಲು ಒಂದು ಬಿದಿರು. ಬೇಸಗೆಯಲ್ಲಿ ಅದು ದಾರಿ. ಆಟಿಯಲ್ಲಿ ಅದೇ ಗಂಡಾಂತರ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ಜೀವ ಕಳಕೊಂಡಳು.

ಹಾಗಾದ್ರೆ ಗಟ್ಟಿ ಸಂಕ ಕಟ್ಟಲು ಎಂತ ಕಷ್ಟ ಮಾರಾಯ್ರೆ? ಕಷ್ಟವೇನಿಲ್ಲ ಎಂದು ತೋರಿಸಿದವರು ಕರಾವಳಿಯಲ್ಲೇ ಇದ್ದಾರೆ. ಇಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಸುಳ್ಯದ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಹಾಕಿದರು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು.

ತೂಗುಸೇತುವೆಯ ಗುಟ್ಟು ಬಟ್ಟೆ ಒಣಹಾಕುವ ಹಗ್ಗ ಕಟ್ಟಿದವರಿಗೆಲ್ಲ ಗೊತ್ತು. ಹಗ್ಗ ಬಿಗಿ ಮಾಡಿದಷ್ಟೂ ಗೂಟ ಕಿತ್ತು ಬರುತ್ತದೆ. ಜೋಲು ಅರ್ಧಕ್ಕೆ ಇಳಿಸಿದರೆ ದಡದ ಗೂಟಕ್ಕೆ ಬೀಳುವ ಎಳೆತ ಇಮ್ಮಡಿ. 60 ಕಿಲೋ ತೂಕದ 200 ಮಂದಿ ಒಟ್ಟಿಗೇ ನಿಂತರೆ 12 ಟನ್ ಭಾರ! ಅದನ್ನೆಲ್ಲ ಹೊರುವುದು ಉಕ್ಕಿನ ಹಗ್ಗ ಮತ್ತು ದಡದ ಕಾಂಕ್ರೀಟು. ನೆರೆ ನೀರು ಏರುವ ಮಟ್ಟ ನೋಡಿ ಎತ್ತರ ಇಡಬೇಕು. ತೇಲಿ ಬರುವ ಮರದ ದಿಮ್ಮಿಗೂ ಜಾಗ ಬಿಡಬೇಕು.

ಲೆಕ್ಕ ತಪ್ಪಿದರೆ? ಲಂಡನ್ನಿನ ಥೇಮ್ಸ್ ನದಿಯ ಮಿಲೇನಿಯಂ ಕಾಲ್ಸೇತುವೆ 2000ರ ಜೂನ್‌ನಲ್ಲಿ ತೆರೆದ ದಿನವೇ ಜನರ ನಡಿಗೆಗೆ ಓಲಾಡಿತು. ಎರಡೇ ದಿನದಲ್ಲಿ ಮುಚ್ಚಿದರು. ಓಲಾಟ ತಡೆಯುವ ಸಾಧನ ಕೂಡಿಸಿ 2002ರಲ್ಲಿ ಪುನಃ ತೆರೆದರು. ಒಂದು ಜೀವವೂ ಹೋಗಲಿಲ್ಲ.

ಗುಜರಾತಿನ ಮೋರ್ಬಿ ಪೇಟೆಯ ಮಚ್ಛು ನದಿಯಲ್ಲಿ ಹಾಗಾಗಲಿಲ್ಲ. ರಿಪೇರಿ ಮುಗಿಸಿ ತೆರೆದ ಕೆಲವೇ ದಿನಗಳಲ್ಲಿ, 2022ರ ಅಕ್ಟೋಬರ್ 30ರಂದು, ಹಳೇ ತೂಗುಸೇತುವೆ ಹರಿದು 130ಕ್ಕೂ ಹೆಚ್ಚು ಮಂದಿ ಸತ್ತರು. ಹಗ್ಗದ 49 ಎಳೆಗಳಲ್ಲಿ 22 ಮೊದಲೇ ತುಕ್ಕು ಹಿಡಿದಿದ್ದವೆಂದು ತನಿಖಾ ತಂಡ ಹೇಳಿತು. ಹೊಸ ನೆಲಹಾಸು ಹಾಕಿದವರು ಹಳೇ ಹಗ್ಗ ಮುಟ್ಟಿ ನೋಡಲಿಲ್ಲ. ಟಿಕೆಟು ಮಾತ್ರ ಕೊಡುತ್ತಲೇ ಇದ್ದರು.

ನಮ್ಮಲ್ಲಿ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಕಬ್ಬಿಣಕ್ಕೆ ಇದಕ್ಕಿಂತ ದೊಡ್ಡ ಶತ್ರು ಬೇಕೇ? ಸಂಕದ ಬಾಯಲ್ಲಿ ಒಂದು ಬೋರ್ಡು ಇರಲಿ: ಒಮ್ಮೆಗೆ ಎಷ್ಟು ಮಂದಿ, ಹಗ್ಗ ಯಾವಾಗ ಪರೀಕ್ಷಿಸಿದ್ದು, ಯಾರು ಪರೀಕ್ಷಿಸಿದ್ದು. ಉದ್ಘಾಟನೆ ಮಾಡಿದವರ ಹೆಸರು ಕಲ್ಲಿನಲ್ಲಿ ಹೇಗೂ ಇರುತ್ತದೆ. ಮಳೆಗಾಲದ ಮುಂಚೆ ಬೋಲ್ಟು ಬಿಗಿ ಮಾಡಬೇಕಾದವರ ಹೆಸರೂ ಅದರ ಪಕ್ಕದಲ್ಲಿ ಬರಲಿ.