ಹಾವಸೆ ತೋರಿಸಿದ ಗಾಳಿಯ ವಿಷ

ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ತನ್ನ ಹಸಿರಿನ ಬಗ್ಗೆ ಹೆಮ್ಮೆಪಡುವ ನಗರ. ಅಲ್ಲಿನ ವಸತಿ ಪ್ರದೇಶವೊಂದರ ಗಾಳಿಯಲ್ಲಿ ಕ್ಯಾಡ್ಮಿಯಂ ಮತ್ತು ಆರ್ಸೆನಿಕ್ ಆತಂಕಕಾರಿ ಪ್ರಮಾಣದಲ್ಲಿವೆ ಎಂಬ ಸಂಗತಿ 2016ರ ಫೆಬ್ರುವರಿಯಲ್ಲಿ ಬಹಿರಂಗವಾದಾಗ ನಾಗರಿಕರು ದಿಗ್ಭ್ರಮೆಗೊಂಡರು. ಮಾಲಿನ್ಯದ ಮೂಲದ ಸುಳಿವು ನೀಡಿದ್ದು ಸರ್ಕಾರದ ಮಾಪನ ಯಂತ್ರವಲ್ಲ. ನಗರದ ಮರಗಳ ತೊಗಟೆಗೆ ಅಂಟಿಕೊಂಡು ಬೆಳೆದಿದ್ದ ಹಾವಸೆ.

ಮಳೆಗಾಲದಲ್ಲಿ ಗೋಡೆ, ಹಂಚು, ಮರದ ಕಾಂಡಗಳ ಮೇಲೆ ಮಖಮಲ್ಲಿನಂತೆ ಹಬ್ಬುವ ಈ ಪುಟ್ಟ ಸಸ್ಯವನ್ನೂ ನಾವು ಪಾಚಿಯೆಂದೇ ಕರೆದುಬಿಡುತ್ತೇವೆ. ಸಸ್ಯಶಾಸ್ತ್ರಜ್ಞರು ಅದನ್ನು ಒಪ್ಪುವುದಿಲ್ಲ. ಹಾವಸೆಗೆ ನಿಜವಾದ ಬೇರುಗಳಿಲ್ಲ. ನೀರನ್ನೂ ಪೋಷಕಾಂಶಗಳನ್ನೂ ಅದು ಬಹುಮಟ್ಟಿಗೆ ಮಳೆ, ಮಂಜು, ದೂಳಿನಿಂದ ಪಡೆಯುತ್ತದೆ. ಇತರ ಸಸ್ಯಗಳ ಎಲೆಗಳಿಗೆ ಇರುವಂಥ ಮೇಣದ ರಕ್ಷಾಪದರ ಅದಕ್ಕೆ ಹೆಸರಿಗಷ್ಟೇ. ಆದ್ದರಿಂದ ಗಾಳಿಯಲ್ಲಿ ತೇಲಿಬಂದ ಲೋಹದ ಅಂಶ ಅದರ ಕೋಶಭಿತ್ತಿಗೆ ಅಂಟಿ, ಕಾಲಕ್ರಮೇಣ ಸಂಚಯವಾಗುತ್ತದೆ. ಈ ಗುಣವನ್ನು ಅಳತೆಗೋಲಾಗಿ ಬಳಸಬಹುದೆಂದು 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ವಿಜ್ಞಾನಿಗಳಾದ ಓಕೆ ರೂಲಿಂಗ್ ಮತ್ತು ಗೆರ್ಮುಂಡ್ ಟೈಲರ್ ತೋರಿಸಿಕೊಟ್ಟರು. 1990ರಿಂದ ಯುರೋಪಿನ ಹಲವು ದೇಶಗಳು ಐದು ವರ್ಷಕ್ಕೊಮ್ಮೆ ಹಾವಸೆ ಸಂಗ್ರಹಿಸಿ ಭಾರಲೋಹಗಳ ನಕ್ಷೆ ತಯಾರಿಸುತ್ತ ಬಂದಿವೆ. ಆದರೆ ಅವು ದೇಶ, ಖಂಡಗಳ ಮಟ್ಟದ ನಕ್ಷೆಗಳು. ಪೋರ್ಟ್‌ಲ್ಯಾಂಡ್‌ನಲ್ಲಿ ನಡೆದದ್ದು ಬೀದಿಗಳ ಮಟ್ಟದ ಲೆಕ್ಕ.

ಆ ಕೆಲಸಕ್ಕೆ ಕೈಹಾಕಿದವರು ಅಮೆರಿಕದ ಅರಣ್ಯ ಸೇವೆಯ ಸಾರಾ ಜೋವನ್ ಮತ್ತು ಜೆಫ್ರಿ ಡೊನೊವನ್. ಜೋವನ್ ಕಲ್ಲುಹೂವು ಹಾಗೂ ಹಾವಸೆಗಳ ತಜ್ಞೆ. ಡೊನೊವನ್ ಅರ್ಥಶಾಸ್ತ್ರಜ್ಞ (ಅರ್ಥಶಾಸ್ತ್ರ ಓದಿದ ನನಗೆ ಇದೊಂದು ಸಣ್ಣ ಸಂತೋಷ). 2013ರ ಡಿಸೆಂಬರ್‌ನಲ್ಲಿ ನಗರದುದ್ದಕ್ಕೂ ಮರಗಳಿಂದ 346 ಮಾದರಿಗಳನ್ನು ಸಂಗ್ರಹಿಸಲಾಯಿತು. ಗಾಳಿಯಲ್ಲಿನ ಲೋಹಗಳನ್ನು ಅಳೆಯುವ ಯಂತ್ರಗಳನ್ನು ಇಷ್ಟೊಂದು ಕಡೆ ಇಡುವುದು ಯಾವ ಇಲಾಖೆಯ ಬಜೆಟ್ಟಿಗೂ ನಿಲುಕದು. ನಗರದ ಗಾಳಿಯಲ್ಲಿ ಕ್ಯಾಡ್ಮಿಯಂ ಇರಬೇಕಾದುದಕ್ಕಿಂತ ಹೆಚ್ಚಿದೆಯೆಂದು ಅಲ್ಲಿನ ಪರಿಸರ ಇಲಾಖೆಗೆ ಮೊದಲೇ ಗೊತ್ತಿತ್ತು; ಎಲ್ಲಿಂದ ಬರುತ್ತಿದೆ ಎಂಬುದಷ್ಟೇ ತಿಳಿದಿರಲಿಲ್ಲ. ಹಾವಸೆಯ ನಕ್ಷೆಯಲ್ಲಿ ಎರಡು ಕಡೆ ಕ್ಯಾಡ್ಮಿಯಂ ಎದ್ದು ಕಾಣುತ್ತಿತ್ತು. ಎರಡೂ ಕಡೆ ಇದ್ದದ್ದು ಬಣ್ಣದ ಗಾಜಿನ ಕಾರ್ಖಾನೆಗಳು. ಗಾಜಿಗೆ ಹಳದಿ, ಕೆಂಪು ಬಣ್ಣ ಕೊಡಲು ಕ್ಯಾಡ್ಮಿಯಂ ಸಂಯುಕ್ತಗಳನ್ನು ಬಳಸುತ್ತಾರೆ.

ಇದರ ಸುಳಿವು ಹಿಡಿದು 2015ರ ಅಕ್ಟೋಬರ್‌ನಲ್ಲಿ ಪರಿಸರ ಇಲಾಖೆ ಒಂದು ಕಾರ್ಖಾನೆಯ ಬಳಿ ಯಂತ್ರವಿಟ್ಟು ಅಳೆಯಿತು. ಕ್ಯಾಡ್ಮಿಯಂ ರಾಜ್ಯದ ಮಾನದಂಡಕ್ಕಿಂತ 49 ಪಟ್ಟು, ಆರ್ಸೆನಿಕ್ 159 ಪಟ್ಟು ಹೆಚ್ಚಿತ್ತು. ಸಮೀಪದಲ್ಲೇ ಮಕ್ಕಳ ಪಾಲನಾ ಕೇಂದ್ರವೊಂದಿತ್ತು. ಆ ಮಾನದಂಡ ಬಹಳ ಬಿಗಿಯಾದದ್ದು, ಜೀವಮಾನವಿಡೀ ಆ ಗಾಳಿ ಉಸಿರಾಡಿದರೆ ಹತ್ತು ಲಕ್ಷಕ್ಕೆ ಒಬ್ಬರಿಗೆ ಹೆಚ್ಚುವರಿಯಾಗಿ ಕ್ಯಾನ್ಸರ್ ಬರಬಹುದಾದ ಮಟ್ಟ, ಎಂಬುದನ್ನೂ ಹೇಳಬೇಕು. ಆದರೂ 159 ಪಟ್ಟು ಎಂಬುದು ತಳ್ಳಿಹಾಕುವ ಅಂಕಿಯಲ್ಲ.

ಆಡಳಿತದಲ್ಲಿದ್ದವರನ್ನು ಹೆಚ್ಚು ಕಾಡಬೇಕಾದ ಸಂಗತಿ ಬೇರೆಯಿದೆ. ಕಾರ್ಖಾನೆಗಳು ಕಳ್ಳತನದಿಂದ ನಡೆಯುತ್ತಿರಲಿಲ್ಲ. ಗಾಜಿನ ಉದ್ಯಮಕ್ಕೆ 2007ರಲ್ಲಿ ಬಂದ ಕೇಂದ್ರ ನಿಯಮ ನಿರಂತರವಾಗಿ ಉರಿಯುವ ಕುಲುಮೆಗಳಿಗೆ ಅನ್ವಯಿಸುತ್ತಿತ್ತು. ತಂಡ ತಂಡವಾಗಿ ಗಾಜು ಕರಗಿಸುವ ಇಂಥ ಸಣ್ಣ ಕುಲುಮೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲವೆಂದೇ ಭಾವಿಸಲಾಗಿತ್ತು. ಕುಲುಮೆ ಯಾವ ವರ್ಗದ್ದು ಎಂದು ಕಡತ ಕೇಳುತ್ತದೆ. ಪಕ್ಕದ ಮನೆಯ ಕಿಟಕಿ ಎಷ್ಟು ದೂರ ಎಂದು ಕೇಳುವುದಿಲ್ಲ. ವಿಷಯ ಹೊರಬಂದ ಕೂಡಲೇ ಕಾರ್ಖಾನೆಗಳು ಕ್ಯಾಡ್ಮಿಯಂ, ಆರ್ಸೆನಿಕ್ ಬಳಕೆಯನ್ನು ತಾವಾಗಿಯೇ ನಿಲ್ಲಿಸಿದವು. 2018ರಲ್ಲಿ ಆರೆಗಾನ್ ರಾಜ್ಯವು ನೆರೆಹೊರೆಯವರ ಆರೋಗ್ಯಕ್ಕಿರುವ ಅಪಾಯವನ್ನೇ ಆಧಾರವಾಗಿಟ್ಟುಕೊಂಡು ಕಾರ್ಖಾನೆಗಳನ್ನು ನಿಯಂತ್ರಿಸುವ ಕಾನೂನು ತಂದಿತು.

ಹಾವಸೆ ಯಂತ್ರಕ್ಕೆ ಪರ್ಯಾಯವಲ್ಲ. ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ನ್ಯಾನೋಗ್ರಾಂ ಲೋಹವಿದೆಯೆಂದು ಅದು ಹೇಳಲಾರದು. ದುಬಾರಿ ಯಂತ್ರವನ್ನು ಎಲ್ಲಿ ಇಡಬೇಕೆಂದು ಮಾತ್ರ ಹೇಳುತ್ತದೆ. ಸೀಮಿತ ಹಣವಿರುವ ಯಾವುದೇ ಇಲಾಖೆಗೆ ಇದಕ್ಕಿಂತ ಉಪಯುಕ್ತ ಮಾಹಿತಿ ಇನ್ನೊಂದಿರಲಾರದು.

ನಮ್ಮ ಸ್ಥಿತಿ ನೋಡಿ. ಭಾರತದಲ್ಲಿ 2009ರಲ್ಲಿ ಪ್ರಕಟವಾದ ರಾಷ್ಟ್ರೀಯ ವಾಯು ಗುಣಮಟ್ಟದ ಮಾನದಂಡದಲ್ಲಿ 12 ಮಾಲಿನ್ಯಕಾರಕಗಳಿದ್ದು, ಲೋಹಗಳ ಸಾಲಿನಲ್ಲಿ ಸೀಸ, ಆರ್ಸೆನಿಕ್, ನಿಕ್ಕಲ್‌ಗಳಿಗೆ ಮಾತ್ರ ಸ್ಥಾನ ದೊರೆತಿದೆ. ಕ್ಯಾಡ್ಮಿಯಂ ಆ ಪಟ್ಟಿಯಲ್ಲಿಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಸೇರಿವೆಯಾದರೂ ಅದರ ಗುರಿ ದೂಳಿನ ಕಣಗಳ ಇಳಿಕೆ. ದೂಳಿನ ತೂಕ ಗೊತ್ತಾದ ಮಾತ್ರಕ್ಕೆ ಅದರೊಳಗೆ ಏನಿದೆಯೆಂದು ಗೊತ್ತಾಗುವುದಿಲ್ಲ. ಸಣ್ಣ ಕಾರ್ಖಾನೆ ಮತ್ತು ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿರುವ ಪೀಣ್ಯದಂಥ ಕಡೆ ಇದು ಗೌಣ ವಿಚಾರವಲ್ಲ.

ಬೇಸಿಗೆಯಲ್ಲಿ ಒಣಗುವ ನಮ್ಮ ಮರಗಳ ಮೇಲೆ ಹಾವಸೆ ಎಲ್ಲಿದೆ ಎಂದು ಕೇಳಬಹುದು. ಅದಕ್ಕೂ ಉಪಾಯವಿದೆ, 1970ರ ದಶಕದಿಂದಲೇ. ಮಾಲಿನ್ಯವಿಲ್ಲದ ಜಾಗದ ಹಾವಸೆಯನ್ನು ತೊಳೆದು, ನೈಲಾನ್ ಬಲೆಯ ಚೀಲಗಳಲ್ಲಿ ತುಂಬಿ, ಬೇಕಾದ ಕಡೆ ಕೆಲವು ವಾರ ತೂಗುಹಾಕಿ, ಬಳಿಕ ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು. ಮಲೆನಾಡನ್ನು ಬರಿದು ಮಾಡದೆ ಇದಕ್ಕೆ ಬೇಕಾದಷ್ಟು ಹಾವಸೆ ತರಬಹುದು. ವಿಶ್ವವಿದ್ಯಾಲಯಗಳ ಸಸ್ಯಶಾಸ್ತ್ರ ವಿಭಾಗಗಳಿಗೆ ವಹಿಸಬಹುದಾದ ಕೆಲಸ.

ಚೀಲ ಕಟ್ಟುವ ಮೊದಲೇ ಫಲಿತಾಂಶವನ್ನು ಯಾವಾಗ, ಯಾರು ಪ್ರಕಟಿಸಬೇಕೆಂದು ಆದೇಶದಲ್ಲಿ ಬರೆದಿಡುವುದು ಒಳ್ಳೆಯದು. ಪೋರ್ಟ್‌ಲ್ಯಾಂಡ್‌ನಲ್ಲಿ ಹಾವಸೆಯ ಮಾಹಿತಿ ಇಲಾಖೆಯ ಕೈಸೇರಿದ ಮೇಲೂ ತಿಂಗಳುಗಳು ಉರುಳಿದವು. ಅಲ್ಲಿನ ಬಹಳಷ್ಟು ನಿವಾಸಿಗಳಿಗೆ ತಮ್ಮ ಬೀದಿಯ ಗಾಳಿಯ ವಿಷಯ ತಿಳಿದದ್ದು ಪತ್ರಿಕೆಯಲ್ಲಿ ಓದಿ.