ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ ಒಂದು, ಹಾದಿ ಹಲವು

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೆ ಇರುವ ಕನಿಷ್ಠ ದೂರ ಸುಮಾರು 14,000 ಕಿಲೋಮೀಟರ್. ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೆ ಸಿಲಿಕಾನ್ ವ್ಯಾಲಿಯೊಡನೆ ದಿನನಿತ್ಯದ ವ್ಯವಹಾರವಿದ್ದರೂ, ನಡುವೆ ಎಲ್ಲಿಯೂ ಇಳಿಯದ ಏರ್ ಇಂಡಿಯಾ ವಿಮಾನ ಈ ಮಾರ್ಗದಲ್ಲಿ ಮೊದಲ ಬಾರಿಗೆ ಹಾರಿದ್ದು 2021ರ ಜನವರಿಯಲ್ಲಿ.

ಗೋಳದ ಮೇಲಿನ ಎರಡು ಸ್ಥಳಗಳನ್ನು ಅತಿ ಹತ್ತಿರದಿಂದ ಜೋಡಿಸುವ ಗೆರೆಯು, ಭೂಮಿಯನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತದ ಒಂದು ತುಣುಕಾಗಿರುತ್ತದೆ. ಇಂಥ ವೃತ್ತವನ್ನು ಮಹಾವೃತ್ತ ಎನ್ನುತ್ತಾರೆ. ಈ ಎರಡು ಊರುಗಳ ರೇಖಾಂಶಗಳ ನಡುವೆ ಸುಮಾರು 160 ಡಿಗ್ರಿ ಅಂತರವಿರುವುದರಿಂದ, ಇವುಗಳ ಮಹಾವೃತ್ತದ ಹಾದಿ ಪೂರ್ವಕ್ಕಾಗಲಿ ಪಶ್ಚಿಮಕ್ಕಾಗಲಿ ಹೋಗದೆ ಉತ್ತರಕ್ಕೆ ಏರಿ, ಹಿಮಾಲಯ ಮತ್ತು ಟಿಬೆಟ್ ದಾಟಿ, ಪೂರ್ವ ಸೈಬೀರಿಯದ ಆಚೆ 71 ಡಿಗ್ರಿ ಅಕ್ಷಾಂಶದವರೆಗೂ ಹೋಗಿ, ಅಲಾಸ್ಕದ ಮೇಲಿಂದ ಕೆಳಗಿಳಿಯುತ್ತದೆ.

ಲೆಕ್ಕಕ್ಕೆ ಸರಿಯಾದ ಈ ಹಾದಿ ವಿಮಾನಕ್ಕೆ ಸರಿಹೋಗಬೇಕೆಂದಿಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ವಿಮಾನ ಕೂಡಲೇ ಸುಮಾರು 10,000 ಅಡಿಗೆ ಇಳಿಯಬೇಕಾಗುತ್ತದೆ. ಟಿಬೆಟ್ಟಿನಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿರುವುದರಿಂದ ಅಲ್ಲಿನ ಆಕಾಶವನ್ನು ವಿಮಾನಗಳು ಸಾಮಾನ್ಯವಾಗಿ ಬಿಟ್ಟು ಸುತ್ತಿ ಹೋಗುತ್ತವೆ. ಇದಕ್ಕಿಂತ ಮುಖ್ಯವಾದದ್ದು ಗಾಳಿ. ಸುಮಾರು 9ರಿಂದ 12 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಪ್ರವಾಹವು ಚಳಿಗಾಲದಲ್ಲಿ ಗಂಟೆಗೆ 200 ಕಿಲೋಮೀಟರನ್ನೂ ಮೀರಬಲ್ಲದು. ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನಕ್ಕೆ ಅದು ಹಿಂದಿನಿಂದ ನೂಕಿದರೆ ನೆಲದ ಲೆಕ್ಕದಲ್ಲಿ ವೇಗ 1,100 ಆಗುತ್ತದೆ, ಎದುರಿಂದ ತಡೆದರೆ 700ಕ್ಕೆ ಇಳಿಯುತ್ತದೆ. ಹಾಗಾಗಿ ಪೂರ್ವಕ್ಕೆ ಹೋಗುವಾಗ ಪೆಸಿಫಿಕ್ ಸಾಗರದ ಮೇಲಿನ ಸುತ್ತುಹಾದಿಯೂ ಲಾಭದ್ದೇ. ಹಿಂದಿರುಗುವಾಗ ಆ ಗಾಳಿಯಿಂದ ತಪ್ಪಿಸಿಕೊಳ್ಳಲು ಇನ್ನಷ್ಟು ಉತ್ತರಕ್ಕೆ ಸರಿಯಬೇಕು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಮೊದಲ ಹಾರಾಟದಲ್ಲಿ ಬೋಯಿಂಗ್ 777 ವಿಮಾನ ಉತ್ತರ ಧ್ರುವದ ಮೇಲಿಂದ ಬಂದು, ಸುಮಾರು 16,000 ಕಿಲೋಮೀಟರನ್ನು 17 ಗಂಟೆಗೂ ಹೆಚ್ಚು ಕಾಲ ಹಾರಿತು. ಕಿಲೋಮೀಟರಿನ ಲೆಕ್ಕವೊಂದನ್ನೇ ನೋಡಿದವರಿಗೆ ಇದು ದಂಡದ ದಾರಿಯೆಂದು ತೋರಿದರೆ ಆಶ್ಚರ್ಯವಿಲ್ಲ.

ಟಿಕೆಟ್ಟಿನ ಮೇಲಿನ ವೇಳೆ ಇನ್ನೂ ಗೊಂದಲ ಹುಟ್ಟಿಸುತ್ತದೆ, ಏಕೆಂದರೆ ಅದರಲ್ಲಿರುವುದು ಆಯಾ ಊರಿನ ಗಡಿಯಾರ. ಚಳಿಗಾಲದಲ್ಲಿ ಬೆಂಗಳೂರು ಹದಿಮೂರೂವರೆ ಗಂಟೆ ಮುಂದಿದ್ದು, ಅಮೆರಿಕದಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸುವ ತಿಂಗಳುಗಳಲ್ಲಿ ಈ ಅಂತರ ಹನ್ನೆರಡೂವರೆಗೆ ಇಳಿಯುತ್ತದೆ. ಮಧ್ಯಾಹ್ನ 2:30ಕ್ಕೆ ಇಲ್ಲಿಂದ ಹೊರಟು 16 ಗಂಟೆ ಹಾರಿದವರು ಚಳಿಗಾಲದಲ್ಲಿ ಅದೇ ದಿನ ಸಂಜೆ 5ಕ್ಕೆ ಅಲ್ಲಿರುತ್ತಾರೆ. ಆದರೆ 2021ರ ಜನವರಿ 9ರ ಶನಿವಾರ ರಾತ್ರಿ ಅಲ್ಲಿಂದ ಹೊರಟ ಮೊದಲ ವಿಮಾನ ಇಲ್ಲಿಳಿದದ್ದು ಸೋಮವಾರ ನಸುಕಿನಲ್ಲಿ.

ಇದರ ಮೇಲೆ ನೆಲದ ಪ್ರಯಾಣವೂ ಇದೆ. 2008ರ ಮೇ 24ರವರೆಗೆ ಪ್ರಯಾಣಿಕ ವಿಮಾನಗಳು ವೈಟ್‌ಫೀಲ್ಡಿಗೆ ಹತ್ತಿರದ ಎಚ್‌ಎಎಲ್ ನಿಲ್ದಾಣದಿಂದಲೇ ಹಾರುತ್ತಿದ್ದವು. ಈಗ ನಗರದ ದಕ್ಷಿಣ ತುದಿಯ ಎಲೆಕ್ಟ್ರಾನಿಕ್ ಸಿಟಿಯವರು ಉತ್ತರದ ದೇವನಹಳ್ಳಿಗೆ ಸುಮಾರು 50 ಕಿಲೋಮೀಟರ್ ಹೋಗಬೇಕು, ಮತ್ತು ಸಂಜೆಯ ವಾಹನ ದಟ್ಟಣೆಯಲ್ಲಿ ಆ ದೂರಕ್ಕೆ ತಗಲುವ ಹೊತ್ತನ್ನು ಯಾವ ವೇಳಾಪಟ್ಟಿಯೂ ಹೇಳುವುದಿಲ್ಲ.